ಜಯನಗರದ ಹಳಿ, ಮೇಜಿನ ಮೇಲಿನ ರೈಲು

ಜಯನಗರ ಮೆಟ್ರೋ ನಿಲ್ದಾಣದಲ್ಲಿ ನಿಂತು ಮೇಲೆ ನೋಡಿ. ವಿದ್ಯುತ್ ತಂತಿಯೇ ಇಲ್ಲ. 2017ರ ಜೂನ್‌ನಿಂದ ಇಲ್ಲಿ ಓಡುತ್ತಿರುವ ರೈಲಿಗೆ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಸಿಗುತ್ತದೆ.

ಮಾದರಿ ರೈಲು ಮಾಡುವ ಮಕ್ಕಳಿಗೆ ಈ ದಾರಿಯಲ್ಲೊಂದು ಗಣಿತದ ಪಾಠವಿದೆ. 1:87 ಪ್ರಮಾಣದ ‘ಎಚ್‌ಓ’ ಮಾದರಿಯ ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್‌ನ 1676 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ಹಾಗಾಗಿ ಎಲೆಕ್ಟ್ರಿಕ್ ಎಂಜಿನ್ನಿನ ಹೊರಮೈ ಎಷ್ಟೇ ಚೆನ್ನಾಗಿದ್ದರೂ ಗಾಲಿಗಳು ಒಳಗೆ ಸರಿದಂತೆ ಕಾಣುತ್ತವೆ. ಇದು ತಿಳಿಯದೆ ನಮ್ಮ ಮನೆಯ ಹುಡುಗ ಎರಡು ಹೊರಮೈಗಳನ್ನು ಬಿಸಾಡಿದ. ಮೆಟ್ರೋದ 1435 ಮಿ.ಮೀ.ಯನ್ನು ಭಾಗಿಸಿ ನೋಡಿ: ಹೆಚ್ಚುಕಡಿಮೆ 16.5!

ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ತಿರುವಿನಲ್ಲಿ ಗಾಲಿಗಳ ಚೌಕಟ್ಟು ಹೊರಳಲು ಜಾಗ ಬಿಡಿ. ಇಲ್ಲದಿದ್ದರೆ ಅದು ಹೊರಮೈಗೆ ತಾಗಿ ರೈಲು ಹಳಿ ತಪ್ಪೀತು. ಪಾಲಕರೇ, ಆಗ ಗದರಬೇಡಿ; ಅಳತೆಪಟ್ಟಿ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.