ತೊಟ್ಟಿಲು ಕಟ್ಟಿದ ಅವ್ವ

ನಂದಗಡ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸಂಗೊಳ್ಳಿ ರಾಯಣ್ಣ. 1831ರ ಜನವರಿ 26ರಂದು ಬ್ರಿಟಿಷರು ಅವನನ್ನು ಗಲ್ಲಿಗೇರಿಸಿದ್ದು ನಮ್ಮೂರಿನಲ್ಲಿಯೇ. ಅವನ ಸಮಾಧಿಯ ಬಳಿ ದೊಡ್ಡದೊಂದು ಆಲದ ಮರವಿದೆ. ಮಕ್ಕಳಾಗದ ಹೆಣ್ಣುಮಕ್ಕಳು ಹರಕೆ ಹೊತ್ತು ಅಲ್ಲಿ ಕಟ್ಟಿಗೆಯ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ನಮ್ಮವ್ವನೂ ಕಟ್ಟಿದ್ದಳಂತೆ. ಮದುವೆಯಾಗಿ ಐದು ವರ್ಷಕ್ಕೆ ಅಣ್ಣ ಹುಟ್ಟಿದ. ಅವನ ಬೆನ್ನಿಗೆ, ಯಾವ ಹರಕೆಯೂ ಇಲ್ಲದೆ, ಯಾರೂ ಕೇಳದೆ ಬಂದವಳು ನಾನು!

ಅವ್ವನಿಗೆ ಈಗ 76. ಅಪ್ಪ ಹೋಗಿ ಆರು ವರ್ಷವಾಯಿತು. ಅಣ್ಣ ಪುಣೆಯ ಒಂದು ಕಾರಖಾನೆಯಲ್ಲಿದ್ದಾನೆ, ನಾನು ಬೆಳಗಾವಿಯಲ್ಲಿ. ನಂದಗಡದ ಹಂಚಿನ ಮನೆಯಲ್ಲಿ ಅವ್ವ ಒಬ್ಬಳೇ. ಒಮ್ಮೆ ಅಣ್ಣ ಪುಣೆಗೆ ಕರೆದೊಯ್ದಿದ್ದ, ಮೂರು ತಿಂಗಳಿಗೆ ವಾಪಸು ಬಂದುಬಿಟ್ಟಳು. ಭಾಷೆಯ ತೊಂದರೆಯೇನಲ್ಲ. ನಮ್ಮ ಕಡೆ ಕನ್ನಡ, ಮರಾಠಿ ಎರಡೂ ಅಂಗಳದ ಮಾತೇ. ವೈನಿಯೂ ಕೆಟ್ಟವಳಲ್ಲ. ಎರಡು ಕೋಣೆಯ ಆ ಮನೆಯಲ್ಲಿ ಹಾಸಿಗೆ ಹಿಡಿದ ತನ್ನ ತಾಯಿಯನ್ನೂ ನೋಡಿಕೊಳ್ಳುತ್ತಿದ್ದಾಳೆ. "ಅಲ್ಲಿ ನನಗ ಮಾಡಾಕ ಏನೂ ಕೆಲಸಿಲ್ಲ. ಕುಂತ ಕುಂತ ಮೊಣಕಾಲ ಹಿಡದಾವ," ಎಂದಷ್ಟೇ ಅವ್ವ ಹೇಳಿದಳು.

ಬೆಳಗಾವಿಯಿಂದ ಖಾನಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂದಗಡಕ್ಕೆ ಇನ್ನೊಂದು. ದೂರವೇನೂ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪವೂ ಹೋಯಿತು. ಆದರೂ ನಾನು ಹೋಗುತ್ತಿದ್ದುದು ಎರಡು ತಿಂಗಳಿಗೊಮ್ಮೆ. ಅರ್ಧ ಕಿಲೋ ಕುಂದಾ ಒಯ್ಯುವುದು, ಉಂಡು ಹರಟೆ ಹೊಡೆದು ಸಂಜೆಯ ಬಸ್ಸಿಗೆ ಮರಳುವುದು. ಆ ಕುಂದಾ ಓಣಿಯ ಹುಡುಗರ ಪಾಲಾಗುತ್ತಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಳೆದ ಮಳೆಗಾಲದ ಮಾತು. ಖಾನಾಪುರ ಸೀಮೆಯ ಮಳೆ ಕಂಡವರಿಗೆ ಗೊತ್ತು, ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಕ್ಕಿಗೆ ಹುಳ ಬಿದ್ದಿದೆಯೇ ನೋಡೋಣವೆಂದು ಡಬ್ಬಿಗೆ ಕೈ ಹಾಕಿದೆ. ಒಳಗೆ ರಕ್ತದೊತ್ತಡದ ಗುಳಿಗೆಯ ಎರಡು ಪಟ್ಟಿ! ತಾರೀಖು ಲೆಕ್ಕ ಹಾಕಿದರೆ ಎರಡೂ ಅಷ್ಟೊತ್ತಿಗೆ ಖಾಲಿಯಾಗಿರಬೇಕಿತ್ತು.

"ಅವ್ವಾ, ಗುಳಿಗಿ ಯಾಕ ಉಳದಾವ?"

"ಒಂದ ದಿನಾ ಬಿಟ್ಟ ಒಂದ ದಿನಾ ತಗೋತೇನಿ. ತೀರಿದ್ರ ಈ ಮಳ್ಯಾಗ ಖಾನಾಪುರಕ್ಕ ಯಾರನ್ನ ಕಳಸ್ಲಿ?"

"ಅಣ್ಣಗ ಹೇಳಬಾರದಿತ್ತ? ನನಗರೇ ಹೇಳಬಾರದಿತ್ತ?"

"ನಿಮಗ ನಿಮ್ಮ ನಿಮ್ಮ ಸಂಸಾರ ಐತೆಲ್ಲವಾ."

ದುಡ್ಡಿಗೇನೂ ಕೊರತೆ ಇರಲಿಲ್ಲ, ನೋಡಿ. ಅಣ್ಣ ತಿಂಗಳು ತಿಂಗಳು ಬ್ಯಾಂಕಿಗೆ ಹಾಕುತ್ತಾನೆ. ಗೃಹಲಕ್ಷ್ಮಿಯ ಎರಡು ಸಾವಿರ ಬೇರೆ. ಆಕೆಗೆ ಇಲ್ಲದ್ದು, ಗುಳಿಗೆ ತಂದುಕೊಡುವ ಒಂದು ಕೈ. ಆ ಕೈಯನ್ನು ಬಾಯಿಬಿಟ್ಟು ಕೇಳುವುದು ಆಕೆಗೆ ಬರುವುದಿಲ್ಲ. ಜನ್ಮದಲ್ಲಿ ಯಾರನ್ನೂ ಏನೂ ಕೇಳಿದವಳಲ್ಲ ನಮ್ಮವ್ವ.

ಅವತ್ತು ರಾತ್ರಿ ಬೆಳಗಾವಿಗೆ ಬಂದು ಅತ್ತೆಯವರಿಗೆ ಗುಳಿಗೆ ಕೊಡುವಾಗ ನನ್ನ ಕೈ ತಡೆಯಿತು. ಅತ್ತೆಯವರ ಗುಳಿಗೆ ಯಾವುದು, ಊಟದ ಮೊದಲೋ ನಂತರವೋ, ಯಾವಾಗ ತೀರುತ್ತದೆ, ಎಲ್ಲ ನನಗೆ ಬಾಯಿಪಾಠ. ಹಡೆದ ತಾಯಿಯ ಗುಳಿಗೆಯ ಹೆಸರೇ ನನಗೆ ಗೊತ್ತಿರಲಿಲ್ಲ. ಅದು ಅಣ್ಣನ ಜವಾಬ್ದಾರಿ ಎಂದುಕೊಂಡಿದ್ದೆ. ನಾನು ಹೋಗಿ ಬರುವುದು ಪ್ರೀತಿ, ಅವನು ನೋಡಿಕೊಳ್ಳುವುದು ಕರ್ತವ್ಯ! ಎಷ್ಟು ಅನುಕೂಲದ ಲೆಕ್ಕ!

ಇದರ ನಡುವೆಯೇ ಉತಾರದ ವಿಷಯ ಬಂತು. ಅಪ್ಪ ದುಡಿದು ಕೊಂಡ ಎರಡು ಎಕರೆ ಭತ್ತದ ಗದ್ದೆ, ಈ ಮನೆ, ಎರಡೂ ಅವ್ವನ ಹೆಸರಿನಲ್ಲಿವೆ. ತನ್ನ ಹೆಸರಿಗೆ ಬಕ್ಷೀಸ ಪತ್ರ ಮಾಡಿಕೊಡು, ಮನೆ ರಿಪೇರಿಗೆ ಸಾಲ ತೆಗೆಯುತ್ತೇನೆ ಎಂದು ಅಣ್ಣ ಫೋನಿನಲ್ಲಿ ಕೇಳಿದನಂತೆ. ಅವ್ವ ಹೂಂ ಎಂದುಬಿಟ್ಟಿದ್ದಳು. ನನಗೆ ಎದೆ ಧಸಕ್ಕೆಂದಿತು. ನಿಜ ಹೇಳುತ್ತೇನೆ, ಅವ್ವನ ಗತಿ ಏನು ಎಂಬ ಚಿಂತೆಯ ಜತೆಗೆ, ನನ್ನ ಪಾಲು ಹೋಯಿತಲ್ಲ ಎಂಬ ಸಣ್ಣ ಚಿಂತೆಯೂ ಬೆರೆತಿತ್ತು. ಎಷ್ಟು ಪಾಲು ಅದು, ಎಷ್ಟು ಪಾಲು ಇದು ಎಂದು ಈಗಲೂ ಬಿಡಿಸಿ ಹೇಳಲಾರೆ.

ಓಣಿಯ ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರು ಹೇಳಿದ್ದು ನಿಮಗೂ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕಾಯಿದೆಯಾಗಿದೆ. ಮಕ್ಕಳು ನೋಡದಿದ್ದರೆ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ತಾಯಿ ತಾನೇ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಆ ಕಾಯಿದೆಯಲ್ಲಿ ಅವಕಾಶವಿದೆ. ಅದರ 23ನೇ ಕಲಮಿನ ಪ್ರಕಾರ, ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತನ್ನು ಬಾಯಿಮಾತಿಗೆ ಬಿಡಬಾರದು, ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿರಬೇಕು. ಕೊಟ್ಟ ಮೇಲೆ ಅತ್ತೇನು ಪ್ರಯೋಜನ? ಮೃತ್ಯುಪತ್ರವಾದರೆ ಬದುಕಿರುವತನಕ ಆಸ್ತಿ ತಮ್ಮದೇ, ಮನಸ್ಸು ಬದಲಾದರೆ ಬದಲಿಸಲೂಬಹುದು.

ಇಷ್ಟನ್ನು ಕೇಳಿ ನಾನು ಗೆದ್ದವಳಂತೆ ಏಳುತ್ತಿದ್ದೆ. ವಕೀಲರು ನಗುತ್ತಾ, "ಅಂದ ಹಾಗೆ, ಈ ಕಾಯಿದೆಯಲ್ಲಿ ಮಕ್ಕಳು ಎಂದರೆ ಮಗಳೂ ಸೇರುತ್ತಾಳ್ರೀ ತಂಗಿ," ಎಂದರು. ಬಸ್ಸಿನಲ್ಲಿ ಕೂತಾಗ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು.

ದೀಪಾವಳಿಗೆ ಅಣ್ಣ, ವೈನಿ ಬಂದರು. ಕಟ್ಟೆಯ ಮೇಲೆ ಕೂತು ಮಾತು ತೆಗೆದೆ. ಅಣ್ಣನ ಮುಖ ಕೆಂಪಾಯಿತು. "ಸೀದಾ ಹೇಳಲಾ, ನಿನಗ ಪಾಲ ಬೇಕೇನ?"

"ಬ್ಯಾಡ ಅಂದ್ರ ಸುಳ್ಳ ಹೇಳಿದಂಗ ಆಗತೈತಿ ಅಣ್ಣಾ," ಎಂದೆ. "ಆದರ ಅದನ್ನ ಈಗ ಮಾತಾಡೂದು ಬ್ಯಾಡ. ಅವ್ವ ಗುಳಿಗಿ ಉಳಿಸಿ ಅಕ್ಕಿ ಡಬ್ಬ್ಯಾಗ ಇಡತಾಳ. ನಿನಗ ಗೊತ್ತೈತೇನ?"

ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತ. ಮಾತಾಡಿದವಳು ವೈನಿ. "ನಮ್ಮವ್ವಗ ನಾ ದಿನಾ ಗುಳಿಗಿ ಕೊಡತೇನಿ. ಅತ್ತೀನ ಮಾತ್ರ ಆರಾಮ ಅದೀರೇನ್ರೀ ಅಂತ ಕೇಳಿ ಫೋನ್ ಇಡತೇನಿ," ಎಂದು ಕಣ್ಣು ಒರೆಸಿಕೊಂಡಳು. ನನ್ನ ಕಥೆಯೇ, ತಿರುವು ಮುರುವಾಗಿ!

ಅವ್ವ ಒಳಗಿಂದ ಬಂದು, "ಉತಾರ ನಾ ಇರೂತನಕ ನನ್ನ ಹೆಸರೀಲೇ ಇರಲಿ. ಆಮ್ಯಾಲ ಇಬ್ರೂ ಕೂಡಿ ಏನರೇ ಮಾಡ್ರಿ. ಈಗ ಏಳ್ರಿ, ಅನ್ನ ಆರತೈತಿ," ಎಂದಳು. ವ್ಯಾಜ್ಯ ಮುಗಿಯಿತು. ಅಣ್ಣ ಎರಡು ದಿನ ನನ್ನೊಡನೆ ಅಷ್ಟಾಗಿ ಮಾತಾಡಲಿಲ್ಲ, ಅದು ಬೇರೆ.

ಈಗ ಹದಿನೈದು ದಿನಕ್ಕೊಮ್ಮೆ ಗುರುವಾರ ನಾನು ನಂದಗಡಕ್ಕೆ ಹೋಗುತ್ತೇನೆ, ಕುಂದಾ ಇಲ್ಲದೆ. ಅವತ್ತು ಅತ್ತೆಯವರ ಊಟ ಬಡಿಸುವುದು ನಮ್ಮವರ ಪಾಲಿನ ಕೆಲಸ. ಮೊದಲೆರಡು ಸಲ ಗೊಣಗಿದರು, ಈಗ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಾರೆ. ದಿನಕ್ಕೊಂದು ಖಾನೆ ಇರುವ ಡಬ್ಬಿಯಲ್ಲಿ ಗುಳಿಗೆ ತುಂಬಿಟ್ಟು ಬರುತ್ತೇನೆ. ಸಂಜೆ ಏಳಕ್ಕೆ ವೈನಿಯ ಫೋನು: "ಅತ್ತೀ, ಇವತ್ತಿನ ಖಾನೆ ಖಾಲಿ ಆತೇನ್ರೀ?" ಮನೆ ರಿಪೇರಿಗೆ ಅಣ್ಣ ತನ್ನ ಹೆಸರಿನಲ್ಲೇ ಸಾಲ ತೆಗೆದು ಈ ಬೇಸಿಗೆಯಲ್ಲಿ ಹಂಚು ಹೊದಿಸಿದ. ಅವ್ವನ ಕೈಕಾಲು ಪೂರಾ ಸೋತ ದಿನ ಯಾರ ಮನೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಆ ಮಾತು ಎತ್ತಲು ನಮಗಿಬ್ಬರಿಗೂ ಧೈರ್ಯವಿಲ್ಲ.

ಹೋದ ಗುರುವಾರ ಬಸ್ಸಿಗೆ ಹೊರಟಾಗ ಅವ್ವ ಬಾಗಿಲತನಕ ಬಂದಳು. ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ಮತ್ತೆ ತೆರೆದಳು.

"ಮುಂದಿನ ಸಲ ಬರೂ ಮುಂದ ನನಗೊಂದ ಜೋಡ ಚಪ್ಪಲ ತಗೊಂಬಾ. ಇವು ಜಾರತಾವ."

"ಎಷ್ಟ ನಂಬರ ಅವ್ವಾ?"

ಅದು ಆಕೆಗೂ ಗೊತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಪಾದ ಇಡಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡು ಬಂದಿದ್ದೇನೆ.