ಮೇ ತಿಂಗಳಲ್ಲಿ ಬರುವವರಿಗೆ

ಇಂಗ್ಲೆಂಡಿನ ಊರುಗಳಲ್ಲಿ ಜೂನ್ ಸಂಜೆ ಕೆಲವು ಸ್ವಯಂಸೇವಕರು ಬೀದಿಯಲ್ಲಿ ಕತ್ತೆತ್ತಿ ನಿಂತಿರುತ್ತಾರೆ. ಕೀರಲು ದನಿಯಲ್ಲಿ ಕೂಗುತ್ತ ಸುತ್ತುವ ಸ್ವಿಫ್ಟ್ ಹಕ್ಕಿ (ನಮ್ಮ ಬಾನಾಡಿಗಳ ಬಳಗದ್ದೇ) ಸೂರಿನ ಯಾವ ಸಂದಿಯ ಗೂಡಿಗೆ ನುಗ್ಗಿತು ಎಂದು ಬರೆದುಕೊಳ್ಳಲು. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು.

ಆ ಒಂದು ಗುರುತಿಗೆ ಎಷ್ಟು ಬೆಲೆ! ವರ್ಷದ ಸುಮಾರು ಒಂಬತ್ತು ತಿಂಗಳು ಹಕ್ಕಿ ಅಲ್ಲಿರುವುದಿಲ್ಲ. ಕೆಲವಂತೂ ಹತ್ತು ತಿಂಗಳು ಎಲ್ಲೂ ಇಳಿಯದೆ ಹಾರುತ್ತವೆ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದರು. ಅಷ್ಟರಲ್ಲಿ ಮನೆಯವರು ಚಾವಣಿ ರಿಪೇರಿ ಮಾಡಿಸಿ ಸಂದಿ ಮುಚ್ಚಿಸಿರುತ್ತಾರೆ, ಗೊತ್ತಿಲ್ಲದೆ. ಆಫ್ರಿಕಾದಿಂದ ಮರಳಿದ ಹಕ್ಕಿ ಅದೇ ಗೋಡೆಗೆ ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತದೆ. 2021ರಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಬ್ರಿಟನ್ನಿನ ಕೆಂಪು ಪಟ್ಟಿಗೂ ಸ್ವಿಫ್ಟ್‌ಗಳು ಸೇರಿದವು.

ಅದಕ್ಕೇ ಈ ಸ್ವಯಂಸೇವಕರು ಮನೆಮನೆಯ ಬಾಗಿಲು ತಟ್ಟುತ್ತಾರೆ. ಸಂದಿ ಉಳಿಸಿ, ಇಲ್ಲವೇ ಗೂಡುಪೆಟ್ಟಿಗೆ ಕಟ್ಟಿಕೊಡುತ್ತೇವೆ, ಹೊಸ ಗೋಡೆಯಾದರೆ ಒಂದು ಟೊಳ್ಳು ಇಟ್ಟಿಗೆ ಇಡಿಸಿ ಎನ್ನುತ್ತಾರೆ. ಪೆಟ್ಟಿಗೆಯ ಪಕ್ಕ ಸ್ಪೀಕರಿನಲ್ಲಿ ಹಕ್ಕಿಗಳದೇ ಕೂಗು ಹಾಕಿ ಕರೆಯುತ್ತಾರೆ. ಕೆಲವು ಪೆಟ್ಟಿಗೆಗಳು ವರ್ಷಗಟ್ಟಲೆ ಖಾಲಿ. ಆದರೂ ಮೇ ಬಂತೆಂದರೆ ಮತ್ತೆ ಸ್ಪೀಕರ್ ಹಚ್ಚಿ ಆಕಾಶ ನೋಡುತ್ತಾರೆ.