ಲೆಕ್ಕಕ್ಕೆ ಸಿಗದ ಅತ್ತೆ

ಮಗಳು ಎಂ.ಎಸ್ಸಿ. ಮುಗಿಸಿ ಮೈಸೂರಿನಿಂದ ಮನೆಗೆ ಬಂದು ಎರಡು ತಿಂಗಳಾಗಿತ್ತು. ಓದಿದ ಹೆಣ್ಣುಮಗಳು ಮನೆಯಲ್ಲಿದ್ದರೆ ತಿಪಟೂರಿನಂಥ ಊರಿನಲ್ಲಿ ಎರಡೇ ಪ್ರಶ್ನೆ. ಕೆಲಸ ಸಿಕ್ಕಿತಾ? ಗಂಡು ನೋಡ್ತಿದ್ದೀರಾ? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಎರಡನೆಯದನ್ನು ಇನ್ನಷ್ಟು ಜೋರಾಗಿ ಕೇಳುತ್ತಾರೆ. ಹಾಗಾಗಿ ಒಂದು ಮಧ್ಯಾಹ್ನ ಅವಳು ಮೊಬೈಲು ಹಿಡಿದುಕೊಂಡು ಅಡುಗೆಮನೆಗೇ ಓಡಿಬಂದು, "ಅಮ್ಮಾ, ಬೆಂಗಳೂರಲ್ಲಿ ಒಂದು ಲ್ಯಾಬಿಗೆ ಜನ ತಗೋತಿದ್ದಾರೆ" ಎಂದಾಗ, ಹುಳಿ ತಿರುವುತ್ತಿದ್ದ ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

"ಎಂಥಾ ಲ್ಯಾಬೇ?"

"ಸೈಕಿಯಾಟ್ರಿಕ್ ಜೆನೆಟಿಕ್ಸ್. ಮನಸ್ಸಿನ ಕಾಯಿಲೆ ಮನೆತನದಲ್ಲಿ ಹೇಗೆ ಬರುತ್ತೆ ಅಂತ ನೋಡೋದು."

ಮುಗಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡೆ.

ಅವಳು ಓದುತ್ತಾ ಹೋದಳು. ಜೂನಿಯರ್ ರಿಸರ್ಚ್ ಫೆಲೋ ಬೇಕು. ಲ್ಯಾಬ್ ಟೆಕ್ನಿಷಿಯನ್ ಬೇಕು. ಮನೆಮನೆಗೆ ಹೋಗಿ ಕುಟುಂಬದವರ ಜೊತೆ ಮಾತಾಡಲು ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿದವರು ಬೇಕು, ಅವರಿಗೆ ಕನ್ನಡ ಚೆನ್ನಾಗಿ ಬರಬೇಕು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೂ ಜಾಗವಿದೆ. ನೆಟ್ ಪಾಸಾದವರಿಗೆ ತಿಂಗಳಿಗೆ 37 ಸಾವಿರ, 2023ರಿಂದ ಅಷ್ಟು ಕೊಡುತ್ತಾರಂತೆ. ನಮ್ಮ ಮಗಳು ನೆಟ್ ಪಾಸಾಗಿದ್ದಳು. ಸಂಬಳ ಕೇಳಿ ಇವರು ಪೇಪರಿನಿಂದ ತಲೆ ಎತ್ತಿದರು. ನಾನು ಮಾತ್ರ ಒಲೆಯ ಕಡೆ ತಿರುಗಿ, "ಹುಚ್ಚಾಸ್ಪತ್ರೆ ಕೆಲಸ ಅಂತಾರೆ ಜನ. ನಾಳೆ ಗಂಡಿನ ಕಡೆಯವರು ಏನು ಕೆಲಸ ಅಂದರೆ ಏನು ಹೇಳೋದು?" ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ನನ್ನ ಭಯ ಅದಾಗಿರಲಿಲ್ಲ.

ಮಗಳು ನನ್ನನ್ನು ಒಲಿಸಿಕೊಳ್ಳಲು ಹೊರಟಳು. ಅಲ್ಲಿ ರೋಗಿಗಳನ್ನು ಹಿಡಿದುಕೊಳ್ಳುವ ಕೆಲಸವಿಲ್ಲ. ಒಪ್ಪಿದವರಿಂದ ನಾಲ್ಕಾರು ಚಮಚೆಯಷ್ಟು ರಕ್ತ ತೆಗೆದುಕೊಂಡು ಅದರಿಂದ ಡಿ.ಎನ್.ಎ. ಬೇರ್ಪಡಿಸುವುದು, ಮೈನಸ್ ಎಂಬತ್ತು ಡಿಗ್ರಿಯ ಫ್ರಿಜ್ಜಿನಲ್ಲಿ ಇಡುವುದು. "ಅದು ಕಣ್ಣಿಗೂ ಕಾಣುತ್ತಮ್ಮಾ. ಸ್ಪಿರಿಟ್ ಹಾಕಿದ ತಕ್ಷಣ ಬಿಳೀ ಎಳೆ ಮೇಲೇಳುತ್ತೆ, ನೀನು ಬತ್ತಿ ಹೊಸೆಯೋಕೆ ಹತ್ತಿ ಎಳೀತೀಯಲ್ಲ, ಹಾಗೆ." 2016ರಲ್ಲಿ ಬೆಂಗಳೂರಿನಲ್ಲೇ ನಿಮ್ಹಾನ್ಸ್, ಎನ್.ಸಿ.ಬಿ.ಎಸ್., ಇನ್‌ಸ್ಟೆಮ್ ಸಂಸ್ಥೆಗಳು ಸೇರಿ ಇಂಥದ್ದೊಂದು ದೊಡ್ಡ ಕೆಲಸ ಶುರುಮಾಡಿದ್ದನ್ನೂ ಹೇಳಿದಳು. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಕಾಯಿಲೆಯಿರುವ ಕುಟುಂಬಗಳನ್ನು ಹುಡುಕಿ, ವರ್ಷಗಟ್ಟಲೆ ಅವರ ಜೊತೆ ಸಂಪರ್ಕ ಇಟ್ಟುಕೊಳ್ಳುವುದು. ಹೊರದೇಶಗಳಲ್ಲಿ ಇಂಥ ಅಧ್ಯಯನ ಬೇಕಾದಷ್ಟಾಗಿದೆ, ನಮ್ಮ ಜನರ ರಕ್ತದಲ್ಲಿ ಏನಿದೆ ಅಂತ ನೋಡಿದ್ದು ಕಡಿಮೆ ಎಂದಳು.

ಸಂದರ್ಶನಕ್ಕೆ ಮೂರು ದಿನ ಇರುವಾಗ ಅವಳು ಒಂದು ದೊಡ್ಡ ಹಾಳೆ ತಂದು ಊಟದ ಮೇಜಿನ ಮೇಲೆ ಹಾಸಿದಳು.

"ಅಮ್ಮಾ, ಬಾ. ವಂಶವೃಕ್ಷ ಬರೆಯೋದು ಅಭ್ಯಾಸ ಮಾಡ್ಕೋಬೇಕು. ನಿನ್ನ ಕಡೆಯದು ಹೇಳು."

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡವರ ಮೇಲೆ ಒಂದು ಓರೆಗೆರೆ. ಕಾಯಿಲೆ ಇದ್ದವರಿಗೆ ಒಳಗೆಲ್ಲಾ ಕಪ್ಪು ತುಂಬಬೇಕು. ನಾನು ಹೇಳುತ್ತಾ ಹೋದೆ. ನಮ್ಮಪ್ಪ, ನಮ್ಮ ದೊಡ್ಡಪ್ಪಂದಿರಿಬ್ಬರು, ಅವರ ಮಕ್ಕಳು. ಹಾಳೆ ತುಂಬಿತು. ಮಗಳು ಪೆನ್ಸಿಲ್ ಕೆಳಗಿಟ್ಟು, ಯಾವುದೋ ಪುಸ್ತಕದಿಂದ ಕಲಿತ ಪ್ರಶ್ನೆಯನ್ನು ಮೆಲ್ಲಗೆ ಕೇಳಿದಳು.

"ಯಾರನ್ನಾದರೂ ಬಿಟ್ಟಿದ್ದೀರಾ? ಮದುವೆಯಾಗದೇ ಇದ್ದವರು, ಮನೆ ಬಿಟ್ಟು ಹೋದವರು, ಚಿಕ್ಕ ವಯಸ್ಸಿಗೇ ತೀರಿಕೊಂಡವರು?"

ನನಗೆ ಒಬ್ಬ ಸೋದರತ್ತೆ ಇದ್ದರು.

ತಿಪಟೂರಿನ ಕಡೆಯ ಹಳ್ಳಿಮನೆಗಳನ್ನು ನೋಡಿದವರಿಗೆ ಗೊತ್ತು, ಅಟ್ಟದ ಮೇಲೆ ಕೊಬ್ಬರಿಗೆಂದು ಕಾಯಿ ಹಾಕಿರುತ್ತಾರೆ. ನಮ್ಮ ತವರುಮನೆಯಲ್ಲಿ ಆ ಅಟ್ಟದ ಕೆಳಗಿನ ಕೋಣೆ ಅತ್ತೆಯದು. ಹತ್ತೊಂಬತ್ತರಲ್ಲಿ ಶುರುವಾಯಿತಂತೆ. ಯಾರೋ ಕರೆದ ಹಾಗೆ ಎದ್ದು ಹೋಗುವುದು, ಅನ್ನದಲ್ಲಿ ಏನೋ ಹಾಕಿದ್ದಾರೆ ಎಂದು ತಟ್ಟೆ ತಳ್ಳುವುದು. ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಮದುವೆಯಾದರೆ ಸರಿಹೋಗುತ್ತೆ ಎಂದು ಮದುವೆ ಮಾಡಿದರು. ಆರೇ ತಿಂಗಳಿಗೆ ಗಂಡನ ಮನೆಯವರು ಕರೆತಂದು ಜಗಲಿಯ ಮೇಲೆ ಕೂರಿಸಿ ಹೋದರು. ಒಮ್ಮೆ ಬೆಂಗಳೂರಿಗೆ ಕರೆದೊಯ್ದು ಮಾತ್ರೆ ಕೊಡಿಸಿದಾಗ ಎಷ್ಟೋ ವಾಸಿಯಾಗಿತ್ತು. ಗುಣವಾಯಿತಲ್ಲ ಎಂದು ಮಾತ್ರೆ ನಿಲ್ಲಿಸಿದರು. ಎಲ್ಲದಕ್ಕೂ ನಮ್ಮಜ್ಜಿಯನ್ನೇ ಅಂದರು: "ಸಾಕಿದ ರೀತಿ ಸರಿಯಿಲ್ಲ."

ಇದನ್ನು ಕೇಳಿದ ಮಗಳು ಹೇಳಿದಳು, ಓದಿದವರೂ ಇದನ್ನೇ ಅಂದಿದ್ದರಂತೆ. 1948ರಲ್ಲಿ ಫ್ರೀಡಾ ಫ್ರಾಮ್ ರೈಕ್‌ಮನ್ ಎಂಬ ಮನೋವೈದ್ಯೆ, ಅದೂ ಹೆಂಗಸೇ, ಸ್ಕಿಜೋಫ್ರೀನಿಯಾ ತರಿಸುವ ತಾಯಿ ಎಂಬ ಮಾತನ್ನು ಬಳಕೆಗೆ ತಂದರು. ವರ್ಷಗಟ್ಟಲೆ ವೈದ್ಯರು ತಾಯಂದಿರನ್ನು ದೂಷಿಸಿದರು. ಅದು ತಪ್ಪೆಂದು ತೋರಿಸಿಕೊಟ್ಟದ್ದರಲ್ಲಿ ವಂಶವಾಹಿಗಳ ಅಧ್ಯಯನದ ಪಾಲೂ ದೊಡ್ಡದು. ನಮ್ಮಜ್ಜಿ ಈ ಮಾತು ಕೇಳಲು ಇರಬೇಕಿತ್ತು.

ಆದರೆ ನಾನು ಹೇಳಬೇಕಾದದ್ದು ಇನ್ನೂ ಇತ್ತು. 1993ರಲ್ಲಿ ನನ್ನನ್ನು ನೋಡಲು ಇವರ ಕಡೆಯವರು ಬಂದ ದಿನ, ಬೆಳಿಗ್ಗೆ ನನಗೆ ಜಡೆ ಹಾಕಿದ್ದು ಅತ್ತೆಯೇ. ದಿನವೂ ಅವರೇ ಹಾಕುತ್ತಿದ್ದರು. ಕಾಯಿಲೆ ಎಷ್ಟೇ ಕೆರಳಿದರೂ ನನ್ನ ಕೂದಲನ್ನು ಒಮ್ಮೆಯೂ ಜಗ್ಗಿದವರಲ್ಲ. ಆಮೇಲೆ ಅವರನ್ನು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ನಾನು ಕಾಫಿ ಲೋಟಗಳ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಒಳಗಿನಿಂದ ಅವರ ಮಾತು ಕೇಳಿಸಿತು. ಈಗ ನಮ್ಮತ್ತೆಯಾದವರು, "ಒಳಗೆ ಯಾರದು?" ಎಂದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, "ಕಾಯಿ ಕೆಲಸಕ್ಕೆ ಬಂದಿರೋ ಹೆಂಗಸು" ಎಂದುಬಿಟ್ಟೆ.

ಒಳಗಿನ ಮಾತು ನಿಂತುಹೋಯಿತು.

ಅತ್ತೆ 1998ರಲ್ಲಿ ತೀರಿಕೊಂಡರು. ಈ ಮನೆಯಲ್ಲಿ ಅದನ್ನೂ ಯಾರೋ ದೂರದ ನೆಂಟರು ಎಂದು ಹೇಳಿ ಹೋಗಿಬಂದೆ.

ಹೇಳಿ ಮುಗಿಸಿದಾಗ ಮಗಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. "ನಿನಗೆ ಬರುತ್ತೇನೋ ಅಂತ ಹೆದರಿಕೆ ಕಣೇ. ನಿನ್ನ ಹದಿನೆಂಟರಿಂದ ನೀನು ಒಬ್ಬಳೇ ನಕ್ಕರೂ ನನ್ನ ಎದೆ ಹೊಡ್ಕೊಳ್ಳುತ್ತೆ" ಎಂದೆ. ಅವಳು ಹಾಳೆಯ ಅಂಚಿನಲ್ಲಿ ಲೆಕ್ಕ ಬರೆದಳು. ಯಾವ ಮನೆತನವಾದರೂ ನೂರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಬರಬಹುದು. ತಂದೆಗೋ ತಾಯಿಗೋ ಇದ್ದರೆ ನೂರಕ್ಕೆ ಸುಮಾರು ಹತ್ತು. ಅಂದರೆ ತೊಂಬತ್ತು ಜನಕ್ಕೆ ಬರುವುದಿಲ್ಲ. ಸಂಬಂಧ ದೂರವಾದಷ್ಟೂ ಇಳಿಯುತ್ತದೆ. ಒಂದೇ ತತ್ತಿಯಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದು ಎಷ್ಟೋ. 2022ರಲ್ಲಿ 76 ಸಾವಿರಕ್ಕೂ ಹೆಚ್ಚು ರೋಗಿಗಳ ಡಿ.ಎನ್.ಎ. ಪರೀಕ್ಷಿಸಿ, ಕಾಯಿಲೆಗೆ ನಂಟಿರುವ 287 ಜಾಗಗಳನ್ನು ಗುರುತಿಸಿದರಂತೆ. ಸಾಮಾನ್ಯವಾಗಿ ಒಂದೊಂದರದೂ ಚಿಟಿಕೆ ಉಪ್ಪಿನಷ್ಟು ಪಾಲು. "ಇದೊಂದು ಕೆಟ್ಟ ರಕ್ತ ಅಂತ ಇರೋದೇ ಇಲ್ಲಮ್ಮಾ" ಎಂದಳು.

ಅಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಇವರು ಪೇಪರು ಮಡಿಸಿ ನಿಂತಿದ್ದರು. ಎಲ್ಲಾ ಕೇಳಿಸಿಕೊಂಡಿದ್ದರು. ಮೂವತ್ತು ವರ್ಷ ಮುಚ್ಚಿಟ್ಟದ್ದಕ್ಕೆ ಏನನ್ನುತ್ತಾರೋ ಎಂದು ನಾನು ಉಸಿರು ಹಿಡಿದೆ. ಅವರು ಬಂದು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಅವತ್ತು ನಮಗೂ ಅನುಮಾನ ಬಂದಿತ್ತು. ಕೇಳಬಹುದಿತ್ತು, ಕೇಳಲಿಲ್ಲ. ನಿಮ್ಮತ್ತೆ ಹೆಸರೇನು?"

ಹೇಳಿದೆ. ನಮ್ಮಪ್ಪನ ಪಕ್ಕದಲ್ಲಿ ಮಗಳು ಒಂದು ವೃತ್ತ ಬರೆದು, ನಿಧಾನವಾಗಿ ಕಪ್ಪು ತುಂಬಿ, ಮೇಲೊಂದು ಓರೆಗೆರೆ ಎಳೆದಳು. "ಲ್ಯಾಬಲ್ಲಿ ಹೆಸರು ಬರೆಯೋ ಹಾಗಿಲ್ಲ, ನಂಬರ್ ಮಾತ್ರ. ಇದು ಮನೇದು" ಎಂದು ಕೆಳಗೆ ಹೆಸರನ್ನೂ ಬರೆದಳು. ಆ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಒಪ್ಪಿಗೆ ಕೇಳದೆ ಯಾರದ್ದನ್ನೂ ಹೊರಗೆ ಹಾಕಬಾರದೆಂಬುದು ಅವಳ ಕೆಲಸದ ಮೊದಲ ಪಾಠ. ಒಪ್ಪಿಗೆ ಕೇಳಲು ಅತ್ತೆ ಇಲ್ಲ.

ಕೆಲಸ ಸಿಕ್ಕಿತು. ಎದುರುಮನೆಯವರು ಕೇಳಿದಾಗ, ಯಾವ ಲ್ಯಾಬು, ಏನು ಕೆಲಸ, ಎಲ್ಲವನ್ನೂ ಸರಿಯಾಗಿ ಹೇಳಿದೆ. ಅವರು "ಓ" ಎಂದು ಒಳಗೆ ಹೋದರು. ಹದಿನೈದು ದಿನದ ಮೇಲೆ, ಮಧ್ಯಾಹ್ನ ಬೀದಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹಿತ್ತಿಲ ಬಾಗಿಲಿಗೆ ಬಂದು ಮಗಳ ನಂಬರು ಕೇಳಿದರು. ಅವಳು ಡಾಕ್ಟರಲ್ಲ ಎಂದು ಹೇಳಿ, ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದೆ.

"ನಮ್ಮ ಸಂಬಂಧಿಕರೊಬ್ಬರಿಗೆ" ಎಂದರು, ಚೀಟಿಯನ್ನು ಸೆರಗಿಗೆ ಗಂಟು ಹಾಕುತ್ತಾ.

ಯಾರೆಂದು ನಾನು ಕೇಳಲಿಲ್ಲ. ಒಳಗೆ ಕರೆದು ಕಾಫಿ ಕೊಟ್ಟೆ.